ಕೆರೆಗೊಡಗೆಯೂ ಅನುದಾನವೂ



ದತ್ತಿ ಎಂಬ ಪದದಿಂದಲೇ ನನ್ನ ಮಾತು ಆರಂಭವಾಗಬೇಕು. ದತ್ತಿ ಇಟ್ಟವರು ಮೂಲಧನವನ್ನು ಯಾರೂ ಮುಟ್ಟಬಾರದೆಂದು ಬರೆದುಕೊಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷವರ್ಷವೂ ಒಂದು ಕೆಲಸ ನಡೆಯುತ್ತ ಹೋಗಬೇಕು. ಇಟ್ಟವರು ಕಣ್ಮರೆಯಾದ ಮೇಲೂ ನಡೆಯಬೇಕು. ಅನುದಾನದ ಸ್ವಭಾವ ಬೇರೆ. ಅದು ಒಂದು ಯೋಜನೆಗೆಂದು ಬರುತ್ತದೆ, ಅವಧಿಯೊಳಗೆ ಖರ್ಚಾಗಬೇಕಾಗುತ್ತದೆ, ಖರ್ಚಾಯಿತೆಂಬ ಪ್ರಮಾಣಪತ್ರ ಮೇಲಿನ ಕಚೇರಿಗೆ ಹೋಗುತ್ತದೆ, ಅಲ್ಲಿಗೆ ಕಡತ ಮುಚ್ಚುತ್ತದೆ. ಶಾಲೆಯ ಕೊಠಡಿಗೆ, ಸೇತುವೆಗೆ ಈ ಕ್ರಮ ಸಾಕಾದೀತು. ನೀರಿಗೆ ಸಾಲದು. ಪ್ರತಿ ಮಳೆಗಾಲ ಹೊಸ ಹೂಳನ್ನು ತರುತ್ತದೆ. ಊರು ಪ್ರತಿ ಮುಂಜಾನೆ ಹೊಸ ಕೊಳಚೆಯನ್ನು ಹರಿಯಬಿಡುತ್ತದೆ. ಒಂದೇ ಸಲ ಮಾಡಿ ಕೈತೊಳೆದುಕೊಳ್ಳಬಹುದಾದ ಕೆಲಸ ಅಲ್ಲಿ ಯಾವುದೂ ಇಲ್ಲ. ನಮ್ಮ ಸರ್ಕಾರಗಳು ಐದು ದಶಕಗಳಿಂದ ನದಿ, ಕೆರೆ, ಜಲಾನಯನಗಳಿಗೆ ಅನುದಾನ ಕೊಡುತ್ತ ಬಂದಿವೆ. ದತ್ತಿ ಇಡುವುದನ್ನು ಮರೆತಿವೆ. ಇಂದು ನಾನು ನಿಮ್ಮ ಮುಂದೆ ಮಂಡಿಸಬೇಕೆಂದಿರುವ ವಿಚಾರ ಇದೊಂದೇ.

ಈ ಮರೆವು ನಾವು ನಿಂತಿರುವ ನೆಲಕ್ಕೇ ಒಪ್ಪುವಂಥದ್ದಲ್ಲ. ಥಾಣೆಯ ಈ ಮಾಜಿವಾಡಾದಿಂದ ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ಯೇವೂರಿನ ಬೆಟ್ಟ ಕಾಣುತ್ತದೆ. ಅದೇ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ ಕನ್ಹೇರಿಯ ಬೌದ್ಧ ಗುಹೆಗಳಿವೆ. ಅಲ್ಲಿನ ಶಾಸನಗಳಲ್ಲಿ ಗುಹೆಗಳ ಜೊತೆಗೆ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳ ದಾನವೂ ದಾಖಲಾಗಿದೆ. ದಾನಿಗಳಲ್ಲಿ ಹಲವರು ಕಲ್ಯಾಣದವರು. ಇದು ನಮ್ಮ ಬಸವಕಲ್ಯಾಣವಲ್ಲ, ಉಲ್ಹಾಸ ನದಿಯ ದಂಡೆಯ ಈ ಕಲ್ಯಾಣ. ಒಂಬತ್ತನೆಯ ಶತಮಾನಕ್ಕೆ ಬಂದರೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅವನ ಸಾಮಂತರಾಗಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಶಾಸನಗಳು ಅದೇ ಗುಹೆಗಳಲ್ಲಿ ಸಿಗುತ್ತವೆ. ಕವಿರಾಜಮಾರ್ಗದ ಆಸ್ಥಾನ ಮಾನ್ಯಖೇಟದಲ್ಲಿ ಬೆಳಗುತ್ತಿದ್ದಾಗ ಇಲ್ಲಿ ಜನ ದ್ರಮ್ಮ ನಾಣ್ಯಗಳನ್ನು ಭಿಕ್ಷುಸಂಘದ ಬಳಿ ಶಾಶ್ವತ ನಿಧಿಯಾಗಿ ಇಡುತ್ತಿದ್ದರು. ಅದರ ಬಡ್ಡಿಯಿಂದ ಏನೇನು ನಡೆಯಬೇಕೆಂದು ಕಲ್ಲಿನಲ್ಲಿ ಕೊರೆಸುತ್ತಿದ್ದರು: ಭಿಕ್ಷುಗಳ ವಸ್ತ್ರ, ಪುಸ್ತಕ, ವಿಹಾರದ ದುರಸ್ತಿ. ದುರಸ್ತಿ ಎಂಬ ಬಾಬತ್ತು ಆ ಪಟ್ಟಿಯಲ್ಲಿ ತನ್ನದೇ ಸಾಲು ಪಡೆದಿದೆ ಎಂಬುದನ್ನು ಗಮನಿಸಬೇಕು. ಇಂಥ ನಿಧಿಯನ್ನು ಪಶ್ಚಿಮ ಭಾರತದ ಶಾಸನಗಳು ಅಕ್ಷಯನೀವಿ ಎಂದು ಕರೆದವು. ಕರಗದ ಮೂಲಧನ ಎಂದು ಅದರ ಅರ್ಥ.

ಕನ್ನಡ ನಾಡಿನವರು ಇದೇ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ನಾಣ್ಯ ಕೊಡುವ ಬದಲು ಅವರು ಭೂಮಿ ಕೊಟ್ಟರು. ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ ಎಂದು ಕಾಲಕ್ಕೆ, ಸೀಮೆಗೆ ತಕ್ಕಂತೆ ಹೆಸರುಗಳು ಬದಲಾಗುತ್ತವೆ, ಏರ್ಪಾಡು ಒಂದೇ. ಕೆರೆಯ ಕೆಳಗಿನ ಇಂತಿಷ್ಟು ಗದ್ದೆಯ ಉತ್ಪತ್ತಿ ಆ ಕೆರೆಯ ಏರಿಗೆ, ತೂಬಿಗೆ, ಹೂಳೆತ್ತುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ, ಬಂಡಿ ಹೊಡೆಯುವ ಆಳಿಗೆ ಸಲ್ಲಬೇಕು. ಇದರ ಜಾಣತನ ಮೇಲುನೋಟಕ್ಕೆ ಕಾಣುವುದಿಲ್ಲ. ನಾಣ್ಯದ ಬೆಲೆ ಕಾಲ ಕಳೆದಂತೆ ಇಳಿಯುತ್ತದೆ. ನೂರು ದ್ರಮ್ಮದ ಬಡ್ಡಿ ಮೂರು ತಲೆಮಾರಿನ ನಂತರ ಒಂದು ಬಂಡಿಯ ಅಚ್ಚಿಗೂ ಸಾಲದೇ ಹೋಗಬಹುದು. ಭತ್ತದ ಬೆಲೆ ಕೂಲಿಯ ಬೆಲೆಯ ಜೊತೆಗೇ ಏರುತ್ತದೆ. ಇನ್ನೂ ಮುಖ್ಯವಾದದ್ದೆಂದರೆ, ಕೆರೆ ಒಡೆದರೆ ಆ ಗದ್ದೆಯೂ ಒಣಗುತ್ತದೆ, ಕೊಡಗೆ ಪಡೆದವನ ಮನೆಯ ಒಲೆಯೂ ಆರುತ್ತದೆ. ಕೆಲಸ ನಡೆದರಷ್ಟೇ ಸಂಭಾವನೆ ಎಂಬ ನಿಯಮವನ್ನು ಬರೆಯುವ ಅಗತ್ಯವೇ ಇರಲಿಲ್ಲ, ನೀರೇ ಅದನ್ನು ಜಾರಿ ಮಾಡುತ್ತಿತ್ತು.

ಹಳೆಯದನ್ನೆಲ್ಲ ಹೊಗಳುವುದು ನನ್ನ ಉದ್ದೇಶವಲ್ಲ. ಹೂಳೆತ್ತುವ ಕೆಲಸ ಎಷ್ಟೋ ಕಡೆ ಬಿಟ್ಟಿಯಾಗಿತ್ತು. ಗದ್ದೆ ಇದ್ದವರಿಗೆ ನೀರಿನ ಲಾಭ ಸೇರಿತು, ಗದ್ದೆ ಇಲ್ಲದವರ ಪಾಲಿಗೆ ಕೆಸರು ಬಂತು. ಊರಿಗೆಲ್ಲ ನೀರು ಹಂಚುತ್ತಿದ್ದ ನೀರುಗಂಟಿ ಬಹಳ ಊರುಗಳಲ್ಲಿ ಅದೇ ಊರಿನ ಬಾವಿಯನ್ನು ಮುಟ್ಟುವಂತಿರಲಿಲ್ಲ. ಅದನ್ನು ಮರೆಮಾಚಿ ಪರಂಪರೆಯ ಮಾತಾಡುವುದು ಅಪ್ರಾಮಾಣಿಕತೆ. ನಾನು ಎತ್ತಿಕೊಳ್ಳುತ್ತಿರುವುದು ಆ ವ್ಯವಸ್ಥೆಯ ಹಣಕಾಸಿನ ತತ್ತ್ವವನ್ನು ಮಾತ್ರ.

ಹತ್ತೊಂಬತ್ತನೆಯ ಶತಮಾನದಲ್ಲಿ ಇನಾಂ ಜಮೀನುಗಳ ವಿಚಾರಣೆಗಳು ನಡೆದವು. ಮುಂಬಯಿ ಪ್ರಾಂತ್ಯದಲ್ಲಿ ಇದಕ್ಕೆಂದೇ 1852ರಲ್ಲಿ ಕಾಯಿದೆ ಬಂತು. ಸೇವೆಗೆಂದು ಬಿಟ್ಟಿದ್ದ ಭೂಮಿಗಳಲ್ಲಿ ಎಷ್ಟೋ ಸರ್ಕಾರದ ಲೆಕ್ಕಕ್ಕೆ ಹೋದವು, ಎಷ್ಟೋ ಕಂದಾಯ ನಿಗದಿಯಾಗಿ ಖಾಸಗಿಯಾದವು. ಭೂಮಿ ಉಳಿಯಿತು, ಅದಕ್ಕೆ ಅಂಟಿಕೊಂಡಿದ್ದ ಕರ್ತವ್ಯ ಕಳಚಿಬಿತ್ತು. ಕೆರೆಯ ದುರಸ್ತಿ ಲೋಕೋಪಯೋಗಿ ಇಲಾಖೆಯ ವಾರ್ಷಿಕ ಮಂಜೂರಾತಿಯ ವಿಷಯವಾಯಿತು. ಅನುದಾನದ ಯುಗ ನಿಜವಾಗಿ ಆರಂಭವಾದದ್ದು ಅಂದು.

ಸ್ವತಂತ್ರ ಭಾರತದಲ್ಲಿ ಈ ಬಗೆಯ ಸಾರ್ವಜನಿಕ ಹಣ ಎರಡು ಹೊಳೆಗಳಾಗಿ ಹರಿದಿದೆ. ಒಂದು ಹಳ್ಳಿಯ ಕಡೆಗೆ, ಮಣ್ಣು ಮತ್ತು ಮಳೆನೀರಿಗೆ. ಇನ್ನೊಂದು ನಗರದ ಕಡೆಗೆ, ಕೊಳಚೆಗೆ.

ಹಳ್ಳಿಯ ಹೊಳೆ 1973-74ರ ಬರಪೀಡಿತ ಪ್ರದೇಶ ಕಾರ್ಯಕ್ರಮದಿಂದ ಶುರುವಾಗುತ್ತದೆ. 1994ರಲ್ಲಿ ಹನುಮಂತರಾವ್ ಸಮಿತಿ, ತಾಲ್ಲೂಕು ಜಿಲ್ಲೆಗಳ ಗಡಿಯನ್ನು ಬಿಟ್ಟು ಮಳೆನೀರು ಹರಿಯುವ ಗಡಿಯನ್ನೇ ಘಟಕವಾಗಿ ಹಿಡಿಯಬೇಕು, ಹಣ ಮತ್ತು ತೀರ್ಮಾನ ಎರಡನ್ನೂ ಊರವರ ಕೈಗೆ ಕೊಡಬೇಕು ಎಂದಿತು. ಮರುವರ್ಷವೇ ಮಾರ್ಗಸೂಚಿ ಜಾರಿಗೆ ಬಂತು. ಆಮೇಲೆ 2003ರ ಹರಿಯಾಲಿ ಮಾರ್ಗಸೂಚಿ, 2008ರ ಸಮಾನ ಮಾರ್ಗಸೂಚಿ, 2015ರಿಂದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಘಟಕ. ಹೆಕ್ಟೇರಿಗೆ ಕೊಡುವ ಮೊತ್ತ ಬಯಲುನಾಡಿನಲ್ಲಿ 12,000 ರೂಪಾಯಿಯಿಂದ 22,000 ರೂಪಾಯಿಗೆ ಏರಿತು. ಕರ್ನಾಟಕ ಈ ದಾರಿಯಲ್ಲಿ ಮುಂದಿತ್ತು. 2000ದ ಹೊತ್ತಿಗೆ ಜಲಾನಯನಕ್ಕೆಂದೇ ಪ್ರತ್ಯೇಕ ಇಲಾಖೆ ಮಾಡಿತು, ವಿಶ್ವಬ್ಯಾಂಕಿನ ನೆರವಿನ ಸುಜಲ ಯೋಜನೆಯನ್ನು ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಸಿತು.

ಈ ಕಾರ್ಯಕ್ರಮಗಳಲ್ಲಿ ದತ್ತಿಯ ನೆನಪು ಸಣ್ಣಗೆ ಉಳಿದಿದೆ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ಸ್ವಂತ ಜಮೀನಿನಲ್ಲಿ ಬದು, ಕೃಷಿಹೊಂಡ ಮಾಡಿಸಿಕೊಂಡ ರೈತ ವೆಚ್ಚದ ಶೇಕಡಾ 10ರಷ್ಟನ್ನು, ಪರಿಶಿಷ್ಟರು ಮತ್ತು ಸಣ್ಣ ರೈತರಾದರೆ ಶೇಕಡಾ 5ರಷ್ಟನ್ನು, ಜಲಾನಯನ ಅಭಿವೃದ್ಧಿ ನಿಧಿಗೆ ಕೊಡಬೇಕು. ಯೋಜನೆ ಮುಗಿದ ಮೇಲೆ ಊರ ಸಾಮಾನ್ಯ ಭೂಮಿಯ ಒಡ್ಡುಗಳನ್ನು ನೋಡಿಕೊಳ್ಳಲು ಆ ನಿಧಿ. ವಿಚಾರ ಸರಿಯಾಗಿದೆ. ಮೂಲಧನವನ್ನು ಹೊಂದಿಸುವ ಹೊರೆಯನ್ನು ಮಾತ್ರ ಎಲ್ಲರಿಗಿಂತ ಬಡವನ ಹೆಗಲಿಗೆ ಹೊರಿಸಲಾಗಿದೆ. ಲಕ್ಷಾಂತರ ರೂಪಾಯಿಯ ಒಡ್ಡು ಕಟ್ಟುವ ಸರ್ಕಾರ ಅದರ ನಿರ್ವಹಣೆಗೆ ತಾನೇ ಒಂದು ಪಾಲು ತೆಗೆದಿಡಬಾರದೇಕೆ? ಈ ಪ್ರಶ್ನೆಗೆ ಯಾವ ಮಾರ್ಗಸೂಚಿಯೂ ಉತ್ತರಿಸುವುದಿಲ್ಲ.

ನಗರದ ಹೊಳೆಯ ಕಥೆ ನಮಗೆ ಹತ್ತಿರದ್ದು. 1986ರಲ್ಲಿ ಗಂಗಾ ಕ್ರಿಯಾ ಯೋಜನೆ ಆರಂಭವಾಯಿತು. ಮೊದಲ ಹಂತದ ಹಣವೆಲ್ಲ ಕೇಂದ್ರದ್ದು. 1995ರಲ್ಲಿ ಅದು ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಾಗಿ ಬೇರೆ ನದಿಗಳಿಗೂ ಹಬ್ಬಿತು. ನಮ್ಮ ತುಂಗೆ, ಭದ್ರೆ, ಕಾವೇರಿಗಳೂ ಅದರಲ್ಲಿ ಸೇರಿದವು. ಕೇಂದ್ರದ ಪಾಲು ನೂರರಿಂದ ಎಪ್ಪತ್ತಕ್ಕೆ, ಎಪ್ಪತ್ತರಿಂದ ಅರವತ್ತಕ್ಕೆ ಇಳಿಯಿತು. ಆದರೆ ಮೂರು ಕಾಲದಲ್ಲೂ ಬಹುಮಟ್ಟಿಗೆ ಬದಲಾಗದೆ ಉಳಿದ ಷರತ್ತು ಒಂದಿತ್ತು: ಕಟ್ಟುವ ಹಣ ಮೇಲಿನಿಂದ, ನಡೆಸುವ ಹಣ ಕೆಳಗಿನಿಂದ. ಕೊಳಚೆ ನೀರಿನ ಶುದ್ಧೀಕರಣ ಘಟಕಕ್ಕೆ ದಿನವಿಡೀ ವಿದ್ಯುತ್ ಬೇಕು, ರಸಾಯನ ಬೇಕು, ರಾತ್ರಿ ಪಾಳಿಗೆ ಮನುಷ್ಯರು ಬೇಕು. ನೌಕರರ ಸಂಬಳಕ್ಕೇ ಪರದಾಡುವ ಪುರಸಭೆ ಮೊದಲು ಕೈಬಿಡುವುದು ಈ ವಿದ್ಯುತ್ ಬಿಲ್ಲನ್ನು. ಮಹಾಲೇಖಪಾಲರು 2000ದಲ್ಲೇ ಗಂಗಾ ಯೋಜನೆಯ ಬಗ್ಗೆ ಇದನ್ನು ಎತ್ತಿ ತೋರಿಸಿದ್ದರು.

ಈ ಷರತ್ತಿನ ಫಲ ಏನಾಯಿತು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನೋಡಿ. ದೇಶದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ಹುಟ್ಟುತ್ತದೆ. ಶುದ್ಧೀಕರಣಕ್ಕೆ ಸ್ಥಾಪಿಸಿದ ಸಾಮರ್ಥ್ಯ 31,841. ಅದರಲ್ಲಿ ಚಾಲನೆಯಲ್ಲಿರುವುದು 26,869. ನಿಜವಾಗಿ ಶುದ್ಧವಾಗುವುದು 20,235. ಮೊದಲ ಎರಡು ಅಂಕಿಗಳ ನಡುವಿನ ಅಂತರವನ್ನು ಎಲ್ಲರೂ ಹೇಳುತ್ತಾರೆ. ಇನ್ನಷ್ಟು ಘಟಕ ಕಟ್ಟಲು ಇನ್ನಷ್ಟು ಅನುದಾನ ಬೇಕೆನ್ನುತ್ತಾರೆ. ನನ್ನ ಮನಸ್ಸನ್ನು ಕಲಕುವುದು ಎರಡನೆಯ ಮತ್ತು ನಾಲ್ಕನೆಯ ಅಂಕಿಗಳ ನಡುವಿನ ಅಂತರ. ಜನರ ಹಣದಿಂದ ಕಟ್ಟಿ ನಿಲ್ಲಿಸಿದ ಸಾಮರ್ಥ್ಯದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಪ್ರತಿದಿನ ಸುಮ್ಮನೆ ಬಿದ್ದಿದೆ. ಘಟಕಕ್ಕೆ ಕೊಳಚೆ ತರುವ ಒಳಚರಂಡಿ ಜಾಲ ಪೂರ್ತಿಯಾಗದಿರುವುದು ಇದಕ್ಕೆ ಒಂದು ಕಾರಣ. ನಡೆಸಲು ಹಣ, ಜನ ಇಲ್ಲದಿರುವುದು ಇನ್ನೊಂದು. ಎರಡೂ ಕಟ್ಟಡ ಉದ್ಘಾಟನೆಯಾದ ಮೇಲೆ ಬರುವ ಪ್ರಶ್ನೆಗಳು.

ಕೆರೆಗಳ ವಿಷಯವೂ ಹೀಗೆಯೇ. 2001ರಲ್ಲಿ ರಾಷ್ಟ್ರೀಯ ಸರೋವರ ಸಂರಕ್ಷಣಾ ಯೋಜನೆ ಬಂದಾಗ ಮುಂಬಯಿಯ ಪೊವಾಯಿ ಕೆರೆ, ಥಾಣೆಯ ಒಂಬತ್ತು ಕೆರೆಗಳು, ಮುಂದೆ ಭಿವಂಡಿಯ ವರ್‍ಹಾಳಾದೇವಿ ಕೆರೆ ಅದರಲ್ಲಿ ಸೇರಿದವು. ಕರ್ನಾಟಕದಿಂದ ಗದಗಿನ ಭೀಷ್ಮಕೆರೆ, ಗೋಕರ್ಣದ ಕೋಟಿತೀರ್ಥ, ಕಲಬುರಗಿಯ ಶರಣಬಸವೇಶ್ವರ ಕೆರೆ, ಬೆಂಗಳೂರಿನ ಬೆಳ್ಳಂದೂರು ಸೇರಿದವು. ಎಪ್ಪತ್ತು ಪಾಲು ಕೇಂದ್ರದ್ದು, ಮೂವತ್ತು ರಾಜ್ಯದ್ದು. ಹೂಳು ತೆಗೆದರು, ದಂಡೆ ಕಟ್ಟಿದರು, ಕಟಾಂಜನ ಹಾಕಿದರು, ನಡೆದಾಡುವ ದಾರಿ ಮಾಡಿದರು. ಬೆಳ್ಳಂದೂರಿಗೆ ಕೊಳಚೆ ಬರುವುದು ನಿಲ್ಲಲಿಲ್ಲ. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿದ್ದನ್ನು ಜಗತ್ತೇ ನೋಡಿತು. ಥಾಣೆ ಕೆರೆಗಳ ಊರು. ಒಂದು ಕಾಲಕ್ಕೆ ಅರವತ್ತಕ್ಕೂ ಹೆಚ್ಚು ಕೆರೆಗಳಿದ್ದವೆಂದು ಹಿರಿಯರು ಹೇಳುತ್ತಾರೆ. ಈಗ ಮೂವತ್ತೈದರ ಆಸುಪಾಸು ಉಳಿದಿವೆ. ಮಾಸುಂದಾ ತಲಾವಿನ ದಂಡೆಯಲ್ಲಿ ಸಂಜೆ ಅಡ್ಡಾಡುವ ಸಾವಿರಾರು ಜನರ ಸಂತೋಷವನ್ನು ನಾನು ಕಡೆಗಣಿಸಲಾರೆ. ಆದರೆ ದಂಡೆಯ ಅಂದಕ್ಕೂ ನೀರಿನ ಆರೋಗ್ಯಕ್ಕೂ ಸಂಬಂಧ ಕಡಿಮೆ. ಅದೇ ಊರಿನಲ್ಲಿ ಗಣೇಶ ವಿಸರ್ಜನೆಗೆಂದು ಪ್ರತಿವರ್ಷ ಕೃತಕ ಕೊಳಗಳನ್ನು ಏರ್ಪಡಿಸುವ ಪದ್ಧತಿ ಬೇರೂರಿದೆ. ದೊಡ್ಡ ಅನುದಾನಕ್ಕೆ ಹೋಲಿಸಿದರೆ ಅದರ ಖರ್ಚು ಅಲ್ಪ, ಆದರೆ ಅದು ವರ್ಷವರ್ಷವೂ ತಪ್ಪದೆ ನಡೆಯುತ್ತದೆ. ಆ ಒಂದು ಏರ್ಪಾಡಿನಲ್ಲಿ ನನಗೆ ದತ್ತಿಯ ಗುಣ ಕಾಣುತ್ತದೆ.

ಇನ್ನು ಗಡಿಯ ಪ್ರಶ್ನೆ. ಇದು ಹಣದ ಪ್ರಶ್ನೆಗಿಂತ ಕಠಿಣವಾದದ್ದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ, ಇರಬಾರದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿಯಲ್ಲಿ ನೀರು ಒಸರುವುದು ಒಂದು ದೋಷ, ಚೌಳು ಮಣ್ಣು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇನ್ನೊಂದು ದೋಷ. ಮಣ್ಣು ನೀರಿನ ದೋಷಗಳ ಸಾಲಿನಲ್ಲೇ ಆಡಳಿತದ ದೋಷವನ್ನೂ ಸೇರಿಸಿದ ಆ ಬುದ್ಧಿಗೆ ನಾನು ತಲೆಬಾಗುತ್ತೇನೆ.

ನಮ್ಮ ವಾಲ್ಧುನಿ ನದಿಗೆ ತಗಲಿದ ದೋಷ ಇದೇ. ಅಂಬರನಾಥದ ಬಳಿಯ ಬೆಟ್ಟಗಳಲ್ಲಿ ಹುಟ್ಟಿ, 1060ರ ಶಾಸನವಿರುವ ಶಿಲಾಹಾರರ ಶಿವಾಲಯದ ಮಗ್ಗುಲಲ್ಲೇ ಹರಿದು, ಉಲ್ಹಾಸನಗರವನ್ನು ಹಾಯ್ದು, ಕಲ್ಯಾಣದಲ್ಲಿ ಉಲ್ಹಾಸ ಖಾಡಿಯ ಹಿನ್ನೀರನ್ನು ಸೇರುವ ಚಿಕ್ಕ ನದಿ ಅದು. ಒಂದೇ ದಿನದಲ್ಲಿ ನಡೆದು ಮುಗಿಸಬಹುದಾದ ದೂರದಲ್ಲಿ ಒಂದು ನಗರ ಪರಿಷತ್ತು, ಎರಡು ಮಹಾನಗರ ಪಾಲಿಕೆಗಳು, ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು, ರೈಲ್ವೆಯ ಜಾಗ ಎಲ್ಲವನ್ನೂ ದಾಟುತ್ತದೆ. ಒಬ್ಬೊಬ್ಬರಿಗೂ ಬೇರೆ ಬಜೆಟ್ಟು, ಬೇರೆ ಯೋಜನಾ ವರದಿ, ಬೇರೆ ಅನುದಾನ. ಮೇಲಿನವನು ಶುದ್ಧ ಮಾಡಿದರೆ ಲಾಭ ಕೆಳಗಿನವನಿಗೆ. ಮಾಡದಿದ್ದರೆ ನಷ್ಟವೂ ಕೆಳಗಿನವನಿಗೇ. 2014ರಲ್ಲಿ ಉಲ್ಹಾಸನಗರದಲ್ಲಿ ಈ ನದಿಗೆ ರಾಸಾಯನಿಕ ಸುರಿದು, ಎದ್ದ ಹೊಗೆಯಿಂದ ನೂರಾರು ಜನ ಆಸ್ಪತ್ರೆ ಸೇರಬೇಕಾಯಿತು. ಅವರು ಆ ನದಿಯ ನೀರನ್ನು ಕುಡಿದವರಲ್ಲ, ದಂಡೆಯಲ್ಲಿ ಮಲಗಿದ್ದವರು.

ವನಶಕ್ತಿ ಎಂಬ ಪರಿಸರ ಸಂಸ್ಥೆ ಉಲ್ಹಾಸ ಮತ್ತು ವಾಲ್ಧುನಿಗಳ ವಿಷಯವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದಿತು. 2015ರಲ್ಲಿ ನ್ಯಾಯಮಂಡಳಿ ಸಾಮೂಹಿಕ ತ್ಯಾಜ್ಯನೀರು ಘಟಕಗಳ ಮೇಲೆಯೂ ಸ್ಥಳೀಯ ಸಂಸ್ಥೆಗಳ ಮೇಲೆಯೂ ಸುಮಾರು 95 ಕೋಟಿ ರೂಪಾಯಿಯ ಪರಿಹಾರ ವಿಧಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ನ್ಯಾಯಾಲಯ ಇಡೀ ನದಿಯನ್ನು ಒಂದೇ ವಿಷಯವಾಗಿ ನೋಡಿತು ಎಂಬುದು ಇಲ್ಲಿ ಮಹತ್ವದ್ದು. ಅನುದಾನ ಕೊಡುವ ಯಾವ ಇಲಾಖೆಯೂ ಹಾಗೆ ನೋಡಿರಲಿಲ್ಲ. 2018ರಲ್ಲಿ ಕೇಂದ್ರ ಮಂಡಳಿ ದೇಶದಲ್ಲಿ 351 ಕಲುಷಿತ ನದಿ ಹರವುಗಳನ್ನು ಗುರುತಿಸಿದಾಗ ಅತಿ ಹೆಚ್ಚು, 53, ಮಹಾರಾಷ್ಟ್ರದಲ್ಲಿದ್ದವು, ಕರ್ನಾಟಕದಲ್ಲಿ 17. ಉಲ್ಹಾಸವೂ ಆ ಪಟ್ಟಿಯಲ್ಲಿತ್ತು. ಲೀಟರ್ ನೀರಿನ ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಂ ದಾಟಿದರೆ ಆ ಹರವು ಪಟ್ಟಿಗೆ ಸೇರುತ್ತದೆ. ಈ ಒಂದು ಅಳತೆಯನ್ನು ಅನುದಾನದ ಕರಾರುಪತ್ರದ ಮೊದಲ ಪುಟದಲ್ಲಿ ಬರೆಯಬೇಕೆಂಬುದು ನನ್ನ ಒತ್ತಾಯ. ಎಷ್ಟು ಮೀಟರ್ ಗೋಡೆ ಕಟ್ಟಿದಿರಿ ಎಂದು ಕೇಳುವುದನ್ನು ಬಿಟ್ಟು, ಹತ್ತನೆಯ ವರ್ಷದ ಬೇಸಿಗೆಯಲ್ಲಿ ಈ ಸೇತುವೆಯ ಕೆಳಗೆ ಆ ಅಂಕಿ ಎಷ್ಟಿತ್ತು ಎಂದು ಕೇಳಬೇಕು.

ಉಲ್ಹಾಸ ಎಂದರೆ ನಮಗೆ ಬರೀ ಹೊಲಸು ನೀರಿನ ಸುದ್ದಿಯಾಗಿಬಿಟ್ಟಿದೆ. ಅದು ನಮ್ಮ ನಲ್ಲಿಯೂ ಹೌದು. ಶಹಾಡ್‌ನಲ್ಲಿ ಎತ್ತಿದ ಉಲ್ಹಾಸದ ನೀರು ಥಾಣೆಗೆ, ಭಿವಂಡಿಗೆ, ಮೀರಾ ಭಾಯಂದರಿಗೆ ಹೋಗುತ್ತದೆ. ಕಲ್ಯಾಣ ಡೊಂಬಿವಲಿಯ ನೀರಿನ ಬಹುಪಾಲು ಬರುವುದೂ ಉಲ್ಹಾಸದಿಂದಲೇ. ಭಾತ್ಸಾ, ಬಾರವಿ ಎರಡೂ ಉಲ್ಹಾಸದ ಕುಟುಂಬದ ನದಿಗಳೇ. ಹೆಸರಿನಲ್ಲೇ ಬಾವಿಯನ್ನು ಇಟ್ಟುಕೊಂಡಿರುವ ಥಾಣೆಯ ಕಾಪೂರ್‌ಬಾವಡಿಯ ಸುತ್ತ ಇಂದು ಎದ್ದು ನಿಂತಿರುವ ಗೋಪುರಗಳಲ್ಲಿ ನೀರು ಇಪ್ಪತ್ತನೆಯ ಮಹಡಿಗೆ ಏರುತ್ತದೆ. ಭಾತ್ಸಾ ಅಣೆಕಟ್ಟಿರುವ ಶಹಾಪುರ ತಾಲ್ಲೂಕಿನಲ್ಲಿ, ಮುಂಬಯಿಗೂ ನಮಗೂ ನೀರು ಕಳಿಸುವ ಅದೇ ತಾಲ್ಲೂಕಿನಲ್ಲಿ, ಬೇಸಿಗೆ ಬಂದರೆ ಪಾಡಾ ಎಂಬ ಹಾಡಿಗಳ ಹೆಂಗಸರು ಟ್ಯಾಂಕರಿನ ದಾರಿ ಕಾಯುತ್ತಾರೆ. ಜಲಾನಯನದ ಪಾಠಗಳೆಲ್ಲ ಶಿಖರದಿಂದ ಕಣಿವೆಗೆ ಇಳಿಯಬೇಕೆಂದು ಹೇಳುತ್ತವೆ. ನಮ್ಮ ಹಣ ಕಣಿವೆಯಲ್ಲೇ ನಿಂತಿದೆ, ಶಿಖರಕ್ಕೆ ಏರಿಲ್ಲ.

ನ್ಯೂಯಾರ್ಕ್ ನಗರ 1997ರಲ್ಲಿ ಬೇರೆ ದಾರಿ ಹಿಡಿಯಿತು. ಭಾರೀ ವೆಚ್ಚದ ಸೋಸುವ ಸ್ಥಾವರ ಕಟ್ಟುವ ಬದಲು, ತನಗೆ ನೀರು ಕೊಡುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ರೈತರೊಡನೆ, ಪುಟ್ಟ ಊರುಗಳೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿನ ಕಾಡು, ಕೊಟ್ಟಿಗೆ, ಚರಂಡಿಗಳ ಆರೈಕೆಗೆ ಹಣ ಕೊಡತೊಡಗಿತು. ಕುಡಿಯುವವನು ಕಾಯುವವನಿಗೆ ಕೊಡುವ ಸಂಭಾವನೆ ಅದು. ನಮ್ಮ ಕೆರೆಗೊಡಗೆಯ ದೂರದ ನೆಂಟ. ಅಮೆರಿಕದ ಕೇಂದ್ರ ಸರ್ಕಾರವೂ ಕೊಳಚೆ ಘಟಕಗಳಿಗೆ ಕೊಡುತ್ತಿದ್ದ ನೇರ ಅನುದಾನವನ್ನು 1987ರಲ್ಲಿ ಆವರ್ತ ನಿಧಿಯಾಗಿ ಮಾರ್ಪಡಿಸಿತು: ಪಡೆದ ಊರು ಕಡಿಮೆ ಬಡ್ಡಿಯಲ್ಲಿ ಹಿಂದಿರುಗಿಸುತ್ತದೆ, ಅದೇ ಹಣ ಮುಂದಿನ ಊರಿಗೆ ಹೋಗುತ್ತದೆ. ಅಕ್ಷಯನೀವಿಯನ್ನು ಬಲ್ಲ ನಮಗೆ ಇದು ಅಪರಿಚಿತ ಎನಿಸಬಾರದು.

ಹಾಗಾದರೆ ನಮ್ಮಲ್ಲಿ ಏಕೆ ಆಗುವುದಿಲ್ಲ? ನಿಯಮಗಳೇ ಎದುರು ನಿಂತಿವೆ. ಸರ್ಕಾರದ ಹಣವನ್ನು ಬ್ಯಾಂಕಿನಲ್ಲಿ ನಿಲ್ಲಿಸಿಡಬಾರದು ಎಂಬುದು ಹಣಕಾಸಿನ ಹಳೆಯ ಶಿಸ್ತು, ಅದಕ್ಕೆ ಒಳ್ಳೆಯ ಕಾರಣವೂ ಇದೆ. 2021ರಿಂದ ಕೇಂದ್ರ ಪುರಸ್ಕೃತ ಯೋಜನೆಗಳ ಹಣಕ್ಕೆ ಒಂದೇ ನೋಡಲ್ ಖಾತೆ ಎಂಬ ವ್ಯವಸ್ಥೆ ಬಂತು. ಆ ಖಾತೆಯಲ್ಲಿ ಹುಟ್ಟಿದ ಬಡ್ಡಿಯೂ ಸಂಚಿತ ನಿಧಿಗೆ ಮರಳಬೇಕು. ಸೋರಿಕೆ ತಡೆಯಲು ಮಾಡಿದ ಕ್ರಮ ಅದು, ತಪ್ಪೆನ್ನಲಾರೆ. ಆದರೆ ಬಡ್ಡಿಯನ್ನೇ ನಂಬಿದ ದತ್ತಿಗೆ ಅಲ್ಲಿ ಜಾಗವಿಲ್ಲ. ಇದ್ದ ಒಂದು ಸ್ಥಿರ ಆದಾಯವನ್ನೂ ನಾವು ಕಳೆದುಕೊಂಡೆವು. 1977ರ ಕಾಯಿದೆಯ ಪ್ರಕಾರ ಕೈಗಾರಿಕೆಗಳೂ ಸ್ಥಳೀಯ ಸಂಸ್ಥೆಗಳೂ ಬಳಸಿದ ನೀರಿಗೆ ಉಪಕರ ಕೊಡಬೇಕಿತ್ತು. ಅದರ ಬಹುಪಾಲು ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೆ ಬರುತ್ತಿತ್ತು. ತ್ಯಾಜ್ಯವನ್ನು ಶುದ್ಧೀಕರಿಸಿದವರಿಗೆ ರಿಯಾಯಿತಿಯೂ ಇತ್ತು. ದರ ತೀರ ಕಡಿಮೆಯಿತ್ತು, ನಿಜ. ಜಿಎಸ್‌ಟಿ ಬಂದ 2017ರಲ್ಲಿ ಇತರ ಉಪಕರಗಳ ಜೊತೆ ಅದೂ ರದ್ದಾಯಿತು. ನೀರು ಬಳಸಿದ್ದರಿಂದಲೇ ಹುಟ್ಟಿ ನೀರಿಗೇ ಮರಳುತ್ತಿದ್ದ ಆ ಹಣವನ್ನು ತೆಗೆದದ್ದು ದೊಡ್ಡ ತಪ್ಪು ಎಂದು ನಾನು ಭಾವಿಸುತ್ತೇನೆ. ಅದರ ಬಗ್ಗೆ ಆದ ಚರ್ಚೆ ತೀರ ಕಡಿಮೆ.

ಬೆಳಕಿನ ಗೆರೆಗಳೂ ಇವೆ. ಗಂಗೆಯ ಘಟಕಗಳಿಗೆ 2016ರಲ್ಲಿ ಒಪ್ಪಿದ ಹೊಸ ಮಾದರಿಯಲ್ಲಿ ವೆಚ್ಚದ ಶೇಕಡಾ 40ನ್ನು ಮಾತ್ರ ಕಟ್ಟುವಾಗ ಕೊಡುತ್ತಾರೆ. ಉಳಿದ 60ನ್ನು ಘಟಕ ಸರಿಯಾಗಿ ನಡೆಯುತ್ತಿದ್ದರೆ 15 ವರ್ಷ ಕಂತಿನಲ್ಲಿ ಕೊಡುತ್ತಾರೆ. ಅನುದಾನದ ಹೊಟ್ಟೆಯೊಳಗೆ ನಿರ್ವಹಣೆ ಸೇರಿದ್ದು ಒಂದು ದೊಡ್ಡ ತಿರುವು. ಹದಿನೈದನೆಯ ಹಣಕಾಸು ಆಯೋಗ ದೊಡ್ಡ ನಗರಗಳಿಗೆ ಕೊಟ್ಟ ಹಣದಲ್ಲಿ ಮೂರನೆಯ ಎರಡು ಪಾಲನ್ನು ನೀರು ಮತ್ತು ನೈರ್ಮಲ್ಯದ ಗುರಿಗಳಿಗೆ ಕಟ್ಟಿಹಾಕಿತು. ಅದು ಹಿಡಿದ ಘಟಕ ಒಂಟಿ ಪಾಲಿಕೆಯಲ್ಲ, ಇಡೀ ನಗರಸಮೂಹ. ಬೃಹನ್ಮುಂಬಯಿ ಸಮೂಹವೆಂದರೆ ಥಾಣೆ, ಕಲ್ಯಾಣ ಡೊಂಬಿವಲಿ, ಉಲ್ಹಾಸನಗರ, ಅಂಬರನಾಥ, ನವಿಮುಂಬಯಿ ಎಲ್ಲವೂ. ಎರಡು ರಾಜ್ಯಗಳ ಗಡಿಯ ದೋಷಕ್ಕೆ ದೆಹಲಿಯಿಂದ ಬಂದ ಅರೆಬರೆ ಮದ್ದು ಎಂದು ಇದನ್ನು ಕರೆಯಬಹುದು.

ನನಗೆ ಎಲ್ಲಕ್ಕಿಂತ ಭರವಸೆ ಕೊಡುವ ಉದಾಹರಣೆ ಥಾಣೆ ಖಾಡಿಯ ಆಚೆ ದಡದಲ್ಲಿದೆ. ನವಿಮುಂಬಯಿ ಪಾಲಿಕೆ ಐರೋಲಿ ಮತ್ತು ಕೋಪರ್‌ಖೈರಣೆಯಲ್ಲಿ ದಿನಕ್ಕೆ ತಲಾ 20 ದಶಲಕ್ಷ ಲೀಟರ್ ಕೊಳಚೆ ನೀರನ್ನು ಮೂರನೆಯ ಹಂತದವರೆಗೆ ಶುದ್ಧೀಕರಿಸುವ ಘಟಕಗಳನ್ನು ಕಟ್ಟಿತು; ಆ ನೀರನ್ನು ಕೈಗಾರಿಕೆಗಳಿಗೆ ಮಾರುವುದು ಉದ್ದೇಶ. ಕಟ್ಟುವ ಹಣದಲ್ಲಿ ಕೇಂದ್ರದ ಅಮೃತ್ ಯೋಜನೆಯ ಅನುದಾನವೂ ಇದೆ. ನಡೆಸುವ ಹಣ ನೀರಿನ ಮಾರಾಟದಿಂದ ಬರಬೇಕು. ನೀರು ಕೆಟ್ಟರೆ ಕೊಳ್ಳುವವನಿಲ್ಲ, ಕೊಳ್ಳುವವನಿಲ್ಲದಿದ್ದರೆ ಆದಾಯವಿಲ್ಲ. ಕೆರೆ ಒಡೆದರೆ ಒಣಗುವ ಗದ್ದೆಯನ್ನು ನೆನಪಿಸಿಕೊಳ್ಳಿ; ಅದೇ ತತ್ತ್ವ ಇಲ್ಲಿ ಕೊಳವೆಯೊಳಗೆ ಬಂದು ಕುಳಿತಿದೆ. ಥಾಣೆ ಖಾಡಿಗೆ 2022ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿದೆ. 6,521 ಹೆಕ್ಟೇರಿನ ಆ ಜೌಗು ಪ್ರದೇಶಕ್ಕೆ, ಅಲ್ಲಿನ ಕಾಂಡ್ಲಾ ಕಾಡಿಗೆ, ಅಲ್ಲಿಗೆ ಬರುವ ರಾಜಹಂಸಗಳಿಗೆ ಇಂಥ ಘಟಕಗಳೇ ನಿಜವಾದ ರಕ್ಷಣೆ.

ಆದ್ದರಿಂದ ನಾನು ಬ್ಯಾಂಕಿನಲ್ಲಿಡುವ ನಿಧಿಗಿಂತ ಕೊಡಗೆಯ ಪಕ್ಷಪಾತಿ. ಬ್ಯಾಂಕಿನ ಠೇವಣಿಯನ್ನು ಬೆಲೆಯೇರಿಕೆ ತಿನ್ನುತ್ತದೆ, ಹಣದ ಅಡಚಣೆ ಬಂದ ಆಡಳಿತ ಅದಕ್ಕೆ ಕೈಹಾಕುತ್ತದೆ. ನೀರಿನ ದರದಲ್ಲೇ, ಶುದ್ಧೀಕರಿಸಿದ ನೀರಿನ ಮಾರಾಟದಲ್ಲೇ, ನದಿ ಕೆಡಿಸಿದ್ದಕ್ಕೆ ಕಟ್ಟುವ ಪರಿಹಾರದಲ್ಲೇ ಒಂದು ಪಾಲನ್ನು ಕಾನೂನಿನಿಂದ ಬಿಡಿಸಿ, ಇಡೀ ಉಲ್ಹಾಸ ಕಣಿವೆಗೆ ಒಂದೇ ಆದ ಮಂಡಳಿಯ ಕೈಗೆ ಕೊಡಬೇಕು. ಅದರಲ್ಲಿ ಪಾಲಿಕೆಗಳ ಪಕ್ಕದಲ್ಲಿ ಶಹಾಪುರದ, ಕರ್ಜತದ ಗ್ರಾಮಸಭೆಗಳೂ ಸರಿಸಮಾನವಾಗಿ ಕೂರಬೇಕು. ಹೊಸದಾಗಿ ಕಟ್ಟುವುದಕ್ಕೆ ಅದರಿಂದ ಒಂದು ರೂಪಾಯಿಯೂ ಹೋಗಬಾರದು. ವಿದ್ಯುತ್ ಬಿಲ್ಲು, ಹೂಳು, ಅಂತರಗಂಗೆ ತೆಗೆಯುವ ಕೂಲಿ, ನೀರಿನ ಪರೀಕ್ಷೆ, ಬೆಟ್ಟದ ಕಾಡಿನ ಕಾವಲು ಇಷ್ಟಕ್ಕೇ ಅದು ಮೀಸಲು. ನಾಲಾದೊಳಗೆ ಇಳಿಯುವವನಿಗೆ ನ್ಯಾಯವಾದ ಸಂಬಳ, ಯಂತ್ರ, ವಿಮೆ ಸಿಗಬೇಕೆಂಬುದನ್ನು ಬೇರೆ ಸಾಲಿನಲ್ಲಿ ಬರೆಯಬೇಕು; ಹಳೆಯ ಕೆರೆಗೊಡಗೆ ಬಿಟ್ಟುಬಿಟ್ಟ ಸಾಲು ಅದು.

ಕೊನೆಯದಾಗಿ ಒಂದು ಸಂಗತಿ. ಕರ್ಜತದ ಮೇಲಿನ ಘಟ್ಟದಲ್ಲಿ ಆಂದ್ರಾ ಎಂಬ ಸಣ್ಣ ನದಿ ಪೂರ್ವಕ್ಕೆ ಹರಿಯುತ್ತದೆ. ಅದು ಇಂದ್ರಾಯಣಿಯನ್ನು ಸೇರುತ್ತದೆ, ಇಂದ್ರಾಯಣಿ ಭೀಮೆಯನ್ನು. ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿಗಳನ್ನು ಹಾಯ್ದು ರಾಯಚೂರಿನ ಬಳಿ ಕೃಷ್ಣೆಗೆ ಸಲ್ಲುತ್ತದೆ. ಟಾಟಾ ಕಂಪನಿ ಠೋಕರವಾಡಿಯಲ್ಲಿ ಆ ನದಿಗೆ ಅಣೆಕಟ್ಟು ಕಟ್ಟಿ, ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಭಿವಪುರಿಯಲ್ಲಿ 1922ರಿಂದ ವಿದ್ಯುತ್ ಉತ್ಪಾದಿಸುತ್ತಿದೆ. ಚಕ್ರ ತಿರುಗಿಸಿದ ನೀರು ಉಲ್ಹಾಸಕ್ಕೆ ಬೀಳುತ್ತದೆ. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ ಟಾಟಾ ವಿದ್ಯುತ್ ಯೋಜನೆಗಳಿಗೆಲ್ಲ ಸೇರಿ ಒಂದು ವರ್ಷದಲ್ಲಿ 54.5 ಟಿಎಂಸಿ, ಸತತ ಐದು ವರ್ಷಗಳಲ್ಲಿ 212 ಟಿಎಂಸಿ ಮೀರಬಾರದೆಂದು ಮಿತಿ ಹಾಕಿದ್ದು ಈ ತಿರುವಿಗೇ. ವಿಜಯಪುರದಿಂದ, ಕಲಬುರಗಿಯಿಂದ ಬಂದು ಇಲ್ಲಿನ ಕಟ್ಟಡಗಳ ಇಟ್ಟಿಗೆ ಹೊರುವ ನಮ್ಮವರು ಸಂಜೆ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟಾಗ, ಅವರ ಊರಿನ ಕಡೆಗೆ ಹರಿಯಬೇಕಿದ್ದ ನೀರೂ ಅದರಲ್ಲಿ ಬೆರೆತಿರುತ್ತದೆ. ಅದರ ಋಣ ಈ ದಡದ ನಮ್ಮೆಲ್ಲರ ಮೇಲಿದೆ. ಮುಂದಿನ ಮುಂಗಡಪತ್ರಕ್ಕೆ ಪಾಲಿಕೆಗಳು ನಾಗರಿಕರ ಸಲಹೆ ಕೇಳಿದಾಗ, ಉಲ್ಹಾಸದ ನಿರ್ವಹಣೆಗೆ ಒಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ಬೇಕೆಂದು ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಕೊಡೋಣ. ಕರಡನ್ನು ಸಿದ್ಧಪಡಿಸುವ ಕೆಲಸಕ್ಕೆ ನಾನು ಜೊತೆಗಿರುತ್ತೇನೆ.